ಉಪವಾಸವೂ ಶರೀರದ ಅಂತಃಸ್ರಾವಗಳೂ

ಅಷ್ಟಮಿ-ಚತುರ್ದಶಿಗಳ ಉಪವಾಸವನ್ನು ಕೈಕೊಂಡವರಿಗೆಲ್ಲ ಒಂದು ಅನುಭವ ಪರಿಚಿತವಾದುದು. ನಿತ್ಯದ ಊಟದ ವೇಳೆಗೆ ಹಸಿವು ಕೆರಳುತ್ತದೆ. ಏನನ್ನೂ ಸೇವಿಸದಿದ್ದರೂ ಒಂದೆರಡು ತಾಸಿನಲ್ಲಿ ತಾನಾಗಿಯೇ ತಗ್ಗುತ್ತದೆ. ಇದನ್ನು ಕೇವಲ ಮನೋಬಲದ ಫಲವೆನ್ನುವುದುಂಟು. ಆದರೆ ಜಠರದಲ್ಲಿ ಹುಟ್ಟುವ ಘ್ರೆಲಿನ್ ಎಂಬ ರಸವು ರೂಢಿಯ ಹೊತ್ತಿಗೆ ಏರಿ, ಊಟವಿಲ್ಲದೆಯೂ ಮತ್ತೆ ಇಳಿಯುವುದು ಇದಕ್ಕೊಂದು ಕಾರಣ. ಜಪಾನಿನ ವಿಜ್ಞಾನಿಗಳು ಇದನ್ನು ಕಂಡುಹಿಡಿದದ್ದು 1999ರಲ್ಲಿ.

ಇಂತಹ ರಸಗಳಿಗೆ ಹಾರ್ಮೋನುಗಳೆಂದು ಹೆಸರು. ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಸ್ಟಾರ್ಲಿಂಗ್ 1905ರಲ್ಲಿ ಈ ಶಬ್ದವನ್ನು ಬಳಕೆಗೆ ತಂದನು. ಇವು ನಾಳಗಳ ಮೂಲಕ ಹರಿಯದೆ ನೇರವಾಗಿ ರಕ್ತವನ್ನು ಸೇರಿ, ಅತ್ಯಲ್ಪ ಪ್ರಮಾಣದಲ್ಲಿದ್ದರೂ ದೂರದ ಅಂಗಗಳಿಗೆ ಆಜ್ಞೆಯನ್ನು ಮುಟ್ಟಿಸುತ್ತವೆ. ನಿದ್ರೆ, ಬಾಯಾರಿಕೆ, ಉತ್ಸಾಹ, ಸಿಡುಕು ಇವೆಲ್ಲವುಗಳಲ್ಲಿಯೂ ಅವುಗಳ ಪಾತ್ರವಿದೆ.

ಉಂಡಾಗ ಮೇದೋಜೀರಕ ಗ್ರಂಥಿಯು ಇನ್ಸುಲಿನನ್ನು ಸ್ರವಿಸುತ್ತದೆ. ರಕ್ತದ ಸಕ್ಕರೆ ಜೀವಕೋಶಗಳನ್ನು ಸೇರುತ್ತದೆ. ಮಿಕ್ಕದ್ದು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾಗುತ್ತದೆ. ಅನಶನದಲ್ಲಿ ಇನ್ಸುಲಿನ್ ಇಳಿದು, ಅದೇ ಗ್ರಂಥಿಯ ಗ್ಲುಕಗಾನ್ ಮೇಲುಗೈಯಾಗುತ್ತದೆ. ಯಕೃತ್ತಿನ ಸುಮಾರು 100 ಗ್ರಾಂ ಸಂಗ್ರಹವು ಒಂದು ಹಗಲು-ರಾತ್ರಿಯಲ್ಲಿ ಬಹುಮಟ್ಟಿಗೆ ತೀರುತ್ತದೆ. ಆ ಬಳಿಕ ಮೇದಸ್ಸು ಕರಗಿ ಕೀಟೋನುಗಳಾಗಿ ಮಿದುಳಿಗೂ ಇಂಧನವಾಗುತ್ತದೆ. ನೀರನ್ನೂ ತ್ಯಜಿಸಿದಾಗ ಪಿಟ್ಯುಟರಿ ಗ್ರಂಥಿಯಿಂದ ಬರುವ ಮತ್ತೊಂದು ರಸವು ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳಿಗೆ ತಿಳಿಸುತ್ತದೆ; ಮೂತ್ರವು ಗಾಢ ಹಳದಿಯಾಗುವುದು ಇದರ ಗುರುತು.

ಇದೆಲ್ಲ ಆರೋಗ್ಯವಂತರ ಮಾತಾಯಿತು. ನಮ್ಮ ಹುಬ್ಬಳ್ಳಿ-ಧಾರವಾಡದ ಬಸದಿಗಳಲ್ಲಿ ದಶಲಕ್ಷಣ ಪರ್ವದ ಉಪವಾಸಕ್ಕೆ ನಿಲ್ಲುವ ಹಿರಿಯರಲ್ಲಿ ಸಕ್ಕರೆ ರೋಗವುಳ್ಳವರೂ ಇರುತ್ತಾರೆ. ಗ್ಲಿಮೆಪಿರೈಡ್‌ನಂತಹ ಗುಳಿಗೆಯು ಉಂಡರೂ ಉಣದಿದ್ದರೂ ಇನ್ಸುಲಿನನ್ನು ಹೊರಡಿಸುತ್ತದೆ. ಅದನ್ನು ನುಂಗಿ ಉಪವಾಸ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ಕೈನಡುಕ, ಎದೆಬಡಿತ, ಮಾತಿನಲ್ಲಿ ತೊಡಕು ಕಂಡುಬಂದಲ್ಲಿ, ಅಥವಾ ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದಲ್ಲಿ, ಅದನ್ನು ವ್ರತದ ಆಯಾಸವೆಂದು ಬಚ್ಚಿಡದೆ ತತ್‌ಕ್ಷಣ ಸಕ್ಕರೆ ನೀರನ್ನು ಕೊಡತಕ್ಕದ್ದು. ಅದು ರಾತ್ರಿಯಾಗಿದ್ದರೂ ಸರಿಯೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಚಿಕ್ಕಂದಿನಿಂದಲೇ ಇನ್ಸುಲಿನನ್ನು ಅವಲಂಬಿಸಿದವರದು ಇದಕ್ಕೆ ವಿರುದ್ಧವಾದ ಅಪಾಯ: ಉಪವಾಸವೆಂದು ಚುಚ್ಚುಮದ್ದನ್ನು ಪೂರ್ತಿ ಬಿಟ್ಟರೆ ಕೀಟೋನುಗಳು ಮಿತಿಮೀರಿ ರಕ್ತವು ಆಮ್ಲವಾಗುತ್ತದೆ. ಇಂಥವರಿಗೆ ಅನಶನಕ್ಕಿಂತ ರಸಪರಿತ್ಯಾಗವೇ ಒಪ್ಪುವ ತಪಸ್ಸೆಂದು ನನ್ನ ಅಭಿಪ್ರಾಯ. ಹದಿನಾರು ಭಾವನೆಗಳಲ್ಲಿಯೂ ತಪವನ್ನು ಶಕ್ತಿಯನುಸಾರವೆಂದೇ ಹೇಳಿದೆಯಲ್ಲವೆ?

ಇನ್ಸುಲಿನ್ ಹಿಂಸೆಯಿಂದ ಬಂದುದಲ್ಲವೆ ಎಂಬ ಶಂಕೆ ಕೆಲವರಲ್ಲಿ ಇನ್ನೂ ಉಳಿದಿದೆ. ಶಂಕೆ ನಿರಾಧಾರವಾದುದಲ್ಲ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ರೋಗಿಗೆ ಕೊಟ್ಟಂದಿನಿಂದ ಹಲವು ದಶಕಗಳ ಕಾಲ ಅದನ್ನು ದನ ಮತ್ತು ಹಂದಿಗಳ ಗ್ರಂಥಿಗಳಿಂದಲೇ ತೆಗೆಯಲಾಗುತ್ತಿತ್ತು. 1982ರಲ್ಲಿ ಬ್ಯಾಕ್ಟೀರಿಯಾಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ ಬಳಕೆಗೆ ಬಂದಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಯೀಸ್ಟಿನಿಂದ ತಯಾರಿಸಿದ್ದನ್ನು ಮಾರುಕಟ್ಟೆಗೆ ತಂದಿತು. ಪ್ರಾಣಿಮೂಲದ ಔಷಧ ಬೇಡವೆನ್ನುವವರು ಬಾಟಲಿಯ ಮೇಲೆ ‘ಮಾನವ’ ಎಂಬ ಮಾತನ್ನು ನೋಡಿ ಕೊಳ್ಳಬಹುದು. ಸೂಕ್ಷ್ಮಜೀವಿಗಳ ಪ್ರಶ್ನೆಯನ್ನು ಮುನಿಗಳ ಸನ್ನಿಧಿಯಲ್ಲಿ ಕೇಳಬೇಕೇ ಹೊರತು ಔಷಧದಂಗಡಿಯಲ್ಲಲ್ಲ.

ಥೈರಾಯ್ಡ್ ಗುಳಿಗೆಯ ಮಾತು ಸೌಮ್ಯವಾದುದು. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕಾದುದರಿಂದ ಒಂದು ದಿನ ತಪ್ಪಿದರೆ ಹಾನಿಯಾಗಲಾರದು, ಹತ್ತು ದಿನ ಬಿಡುವುದು ಸಲ್ಲದು. ಸ್ಟಿರಾಯ್ಡ್ ಗುಳಿಗೆಗಳನ್ನು ಬಹುಕಾಲದಿಂದ ಸೇವಿಸುತ್ತಿರುವವರು ಮಾತ್ರ ಒಂದು ದಿನವೂ ತಾವಾಗಿ ನಿಲ್ಲಿಸಕೂಡದು. ಅಡ್ರಿನಲ್ ಗ್ರಂಥಿಗಳು ಮಲಗಿರುವುದರಿಂದ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಎರವಾಗಬಹುದು. ಪರ್ವಕ್ಕೆ ಎರಡು-ಮೂರು ವಾರ ಮೊದಲೇ, 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಾಗಲಿ, ಸತ್ತೂರಿನ ಎಸ್‌.ಡಿ.ಎಂ. ಆಸ್ಪತ್ರೆಯಲ್ಲಾಗಲಿ ಔಷಧದ ಚೀಟಿಯನ್ನು ತೋರಿಸಿ ವೇಳೆಯನ್ನು ಹೊಂದಿಸಿಕೊಳ್ಳುವುದು ಲೇಸು.

ಪಾರಣೆಯ ದಿನ ಬಂಧುಗಳು ಅಕ್ಕರೆಯಿಂದ ಹೋಳಿಗೆ-ಫೇಡೆಗಳನ್ನು ಮುಂದಿಡುತ್ತಾರೆ. ಎಂಟು-ಹತ್ತು ದಿನ ತಗ್ಗಿದ್ದ ಇನ್ಸುಲಿನ್ ಸಿಹಿ ಬಿದ್ದೊಡನೆ ಏರಿ, ರಕ್ತದಲ್ಲಿರುವ ಪೊಟ್ಯಾಶಿಯಂ-ರಂಜಕಗಳನ್ನು ಜೀವಕೋಶಗಳೊಳಕ್ಕೆ ಸೆಳೆಯುತ್ತದೆ; ಹೃದಯದ ಬಡಿತವೇ ತಪ್ಪಬಹುದು. ಮೊದಲ ದಿನ ತಿಳಿಯಾದ ಹೆಸರುಬೇಳೆಯ ಕಟ್ಟು, ಸ್ವಲ್ಪ ಹಾಲು, ಮೆತ್ತನೆಯ ಅನ್ನ ಸಾಕು. ಫೇಡೆಯನ್ನು ನಾಲ್ಕು ದಿನ ಡಬ್ಬಿಯಲ್ಲಿಯೇ ಇಡಬಹುದು.