ಕಡಲಿನಲ್ಲಿ ಸೈಬರ್ ದಾಳಿ: ಕಾನೂನು ಯಾರದು? – ಒಂದು ಅಭ್ಯಾಸ ಪಾಠ

ತರಗತಿ: 9. ಅವಧಿ: 40 ನಿಮಿಷ. ಸ್ಥಳ: ಉಗಾರ ಖುರ್ದ.

ಉದ್ದೇಶ: ಕಡಲಿನ ವಲಯಗಳನ್ನು ಅಳತೆ ಸಹಿತ ಗುರುತಿಸುವುದು, ಸೈಬರ್ ದಾಳಿ ನಡೆದಾಗ ಯಾವ ದೇಶಕ್ಕೆ ಅಧಿಕಾರ ಎಂಬುದನ್ನು ಕಾರಣ ಕೊಟ್ಟು ಹೇಳುವುದು.

ಪೂರ್ವಜ್ಞಾನ: ನಮ್ಮ ಮಕ್ಕಳಲ್ಲಿ ಸಮುದ್ರ ಕಂಡವರು ಕಡಿಮೆ, ಗಡಿ ಕಂಡವರು ಹೆಚ್ಚು. ಆದ್ದರಿಂದ, "ಮಿರಜದಲ್ಲಿ ಕಳುವಾದ ಬೈಕು ಉಗಾರದಲ್ಲಿ ಸಿಕ್ಕರೆ ಕೇಸು ಎಲ್ಲಿ?" ಎಂದು ಕೇಳಿದೆ. "ಕಳುವಾಗಿದ್ದು ಅಲ್ಲಿರೀ ಸರ್" ಎಂದರು ಕೆಲವರು. "ಸಿಕ್ಕಿದ್ದು ಇಲ್ಲೇ ಅಲ್ರೀ" ಎಂದರು ಉಳಿದವರು. ಈ ವಾದದಿಂದಲೇ ಪಾಠ ಆರಂಭವಾಯಿತು.

ಪ್ರತಿಪಾದನೆ: ಕಪ್ಪು ಹಲಗೆಯಲ್ಲಿ ಕಾರವಾರದ ತೀರ ಬರೆದು ಎರಡು ಗೆರೆ ಎಳೆದೆ. 1 ನಾಟಿಕಲ್ ಮೈಲು ಎಂದರೆ 1.852 ಕಿ.ಮೀ. ಮಕ್ಕಳೇ ಗುಣಿಸಿದರು: 12 ಮೈಲಿನ ಪ್ರಾದೇಶಿಕ ಸಮುದ್ರ ಸುಮಾರು 22 ಕಿ.ಮೀ., 200 ಮೈಲಿನ ಆರ್ಥಿಕ ವಲಯ ಸುಮಾರು 370 ಕಿ.ಮೀ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಅಳತೆಗಳಿವು; ಭಾರತ ಇದನ್ನು 1995ರಲ್ಲಿ ಅನುಮೋದಿಸಿತು. ಮೊದಲ ಗೆರೆಯೊಳಗೆ ತೀರದೇಶದ ಸಾರ್ವಭೌಮತ್ವವಿದೆ. ಅಲ್ಲಿ ಹಾಯುವ ವಿದೇಶಿ ಹಡಗು ನಮ್ಮ ಸಂಪರ್ಕ ವ್ಯವಸ್ಥೆಯನ್ನು ಕೆಡಿಸಲು ಹೊರಟರೆ ಅದು 'ನಿರುಪದ್ರವಿ ಸಂಚಾರ' ಎನಿಸದು. ಮುಕ್ತ ಸಾಗರದಲ್ಲಿ ಹಡಗಿನ ಮೇಲೆ ಸಾಮಾನ್ಯವಾಗಿ ಅದರ ಧ್ವಜದ ದೇಶಕ್ಕೆ ಮಾತ್ರ ಅಧಿಕಾರ.

ನಿದರ್ಶನ: 2017ರ ಜೂನ್ 27ರಂದು ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಮೂಲಕ ಹಬ್ಬಿದ ನಾಟ್‌ಪೆಟ್ಯಾ ಮರ್ಸ್ಕ್ ಹಡಗು ಕಂಪನಿಯ ಗಣಕಜಾಲವನ್ನು ಕೆಡಿಸಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹದ ಟರ್ಮಿನಲ್‌ನ ಕೆಲಸವೂ ನಿಂತಿತು. ಬಂದರು ನಮ್ಮ ನೆಲ, ಕಂಪನಿ ಡೆನ್ಮಾರ್ಕಿನದು, ಸೋಂಕು ಉಕ್ರೇನಿನಿಂದ ಬಂದದ್ದು. 2018ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕ ರಷ್ಯಾದ ಸೇನೆಯತ್ತ ಬೆರಳು ತೋರಿದವು, ರಷ್ಯಾ ನಿರಾಕರಿಸಿತು.

ಆಗ ಒಬ್ಬ ವಿದ್ಯಾರ್ಥಿನಿ, "ಸರ್, ಮನ್ಯಾಗ ಕುಂತು ಹಡಗಿನ ದಾರಿ ತಪ್ಪಿಸಿದಾಂವ ಕಡಲ್ಗಳ್ಳ ಆಗ್ತಾನೇನ್ರಿ?" ಎಂದು ಕೇಳಿದಳು. ಒಪ್ಪಂದದ ಪ್ರಕಾರ ಕಡಲ್ಗಳ್ಳತನಕ್ಕೆ ಖಾಸಗಿ ಹಡಗಿನಿಂದ ಇನ್ನೊಂದು ಹಡಗಿನ ಮೇಲೆ ನಡೆದ ಕೃತ್ಯ ಬೇಕು. ಮನೆಯಲ್ಲಿ ಕುಳಿತವನು ಆ ವ್ಯಾಖ್ಯೆಗೆ ಸಿಗುವುದಿಲ್ಲ. ಭಾರತದಲ್ಲಿರುವ ಗಣಕಕ್ಕೆ ಹಾನಿಯಾದರೆ ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 75ನೇ ಕಲಂ ಹೊರದೇಶದವನಿಗೂ ಅನ್ವಯಿಸುತ್ತದೆ. ಆದರೆ ಅವನನ್ನು ಹಿಡಿದು ಒಪ್ಪಿಸಬೇಕಾದದ್ದು ಅವನಿರುವ ದೇಶ. ಅಂತರರಾಷ್ಟ್ರೀಯ ಕಾನೂನು ಸೈಬರ್ ಕ್ಷೇತ್ರಕ್ಕೂ ಅನ್ವಯಿಸುತ್ತದೆಂದು ವಿಶ್ವಸಂಸ್ಥೆಯ ಸರ್ಕಾರಿ ತಜ್ಞರ ಗುಂಪು 2013ರಲ್ಲೇ ಒಪ್ಪಿದೆ. ಕಷ್ಟವಿರುವುದು ಕೈ ಯಾರದೆಂದು ಸಾಬೀತುಪಡಿಸುವುದರಲ್ಲಿ.

ಮೌಲ್ಯಮಾಪನ: ಪ್ರತಿ ಗುಂಪಿಗೂ ಒಂದು ಸನ್ನಿವೇಶ ಕೊಟ್ಟು ಮೂರೇ ಪ್ರಶ್ನೆ ಕೇಳಿದೆ: ಹಡಗು ಎಲ್ಲಿತ್ತು? ಧ್ವಜ ಯಾರದು? ದಾಳಿ ಮಾಡಿದವರು ಖಾಸಗಿಯವರೋ, ಸರ್ಕಾರವೋ?

ಸಹಪ್ರಶಿಕ್ಷಣಾರ್ಥಿಗಳಿಗೆ: ಗುಣಾಕಾರಕ್ಕೆ ಹತ್ತು ನಿಮಿಷ ಸಾಕು, ಮೂರನೆಯ ಪ್ರಶ್ನೆಯ ಚರ್ಚೆಗೆ ಕನಿಷ್ಠ ಹದಿನೈದು ನಿಮಿಷ ಇಟ್ಟುಕೊಳ್ಳಿ. ಕಾನೂನು ಇದ್ದೂ ನ್ಯಾಯ ತಡವಾಗುವುದೇಕೆ ಎಂಬುದು ಮಕ್ಕಳಿಗೆ ತಿಳಿಯುವುದು ಅಲ್ಲಿಯೇ.