ಮಗಳ ಮನೆಗೆ ಹದಿನಾಲ್ಕು ಸಾವಿರ ಕಿಲೋಮೀಟರ್

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು? ಬಾಣಂತನಕ್ಕೆ ಹೊರಟ ಅಮ್ಮಂದಿರು ಟಿಕೆಟ್ ಕೈಗೆ ಬಂದೊಡನೆ ಕೇಳುವ ಪ್ರಶ್ನೆ. ಉತ್ತರ ಕಂಡುಕೊಳ್ಳಲು ಕೆಲವು ಸೂತ್ರಗಳು.

1. ಗೋಡೆಯ ಭೂಪಟ ನಂಬಬೇಡಿ. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಕೊಂಚ ಪೂರ್ವಕ್ಕೆ ವಾಲಿ ಉತ್ತರ ಧ್ರುವದ ಕಡೆಗೆ ಏರುತ್ತದೆ. ನಾವಿರುವುದು ಪೂರ್ವ ರೇಖಾಂಶ 77ರ ಆಸುಪಾಸು, ಅವರು ಪಶ್ಚಿಮ 122. ಭೂಮಿಯ ಈ ಬೆನ್ನಿಗೆ ನಾವು, ಆ ಬೆನ್ನಿಗೆ ಅವರು. ದಾರದ ಉದ್ದ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ದಾರಿಯಲ್ಲೇ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ತಂದಿಳಿಸಿದ್ದರು.

2. ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2016ರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದಾರಿ ಸುಮಾರು 1,400 ಕಿ.ಮೀ. ಹೆಚ್ಚಾಯಿತು, ಪ್ರಯಾಣ ಎರಡು ಗಂಟೆಯಷ್ಟು ಕಡಿಮೆಯಾಯಿತು! ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿ ಬೆನ್ನಿಗೆ ಬಿದ್ದದ್ದೇ ಕಾರಣ. ಹಾಗಾಗಿ ಹೋಗುವ ಹೊತ್ತು, ಬರುವ ಹೊತ್ತು ಒಂದೇ ಇರಬೇಕೆಂದು ಹಟ ಹಿಡಿಯಬೇಡಿ.

3. ಟಿಕೆಟ್ಟಿನಲ್ಲಿರುವ ಗಂಟೆಗಳನ್ನು ಸುಮ್ಮನೆ ಕಳೆಯಬೇಡಿ. ಹೊರಡುವುದು ನಮ್ಮ ಗಡಿಯಾರ, ಇಳಿಯುವುದು ಅವರದು. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಡಿಸೆಂಬರಿನ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನೇಳು ಗಂಟೆ ಹಾರಿದರೂ ಇಳಿಯುವಾಗ ಅದೇ ದಿನ ಸಂಜೆ ಐದೂವರೆ. ವಾಪಸ್ ಬರುವಾಗ ಇದರ ಸಾಲ ತೀರುತ್ತದೆ: ಶನಿವಾರ ರಾತ್ರಿ ಹತ್ತಿದವರು ಸೋಮವಾರ ನಸುಕಿಗೆ ಇಳಿಯುತ್ತಾರೆ. ಭಾನುವಾರ ಎಲ್ಲಿ ಹೋಯಿತೆಂದು ಪಂಚಾಂಗ ನೋಡಿ ಫಲವಿಲ್ಲ. ಏಕಾದಶಿ ಮಾಡುವವರು ಮೊದಲೇ ಯೋಚಿಸಿ.

4. ಟಿಕೆಟ್ಟಿನ ಸಮಯದಲ್ಲಿ ರನ್‌ವೇವರೆಗೆ ತೆವಳುವ ಹೊತ್ತೂ ಸೇರಿದೆ. ಅಷ್ಟೆಲ್ಲ ಆಕಾಶದಲ್ಲೇ ಕಳೆಯುವುದಲ್ಲ.

5. ನಡುವೆ ನ್ಯೂಯಾರ್ಕ್‌ನಲ್ಲೋ ಷಿಕಾಗೋದಲ್ಲೋ ವಿಮಾನ ಬದಲಿಸುವುದಿದ್ದರೆ ಮೂರು ಗಂಟೆಗಿಂತ ಕಡಿಮೆ ಅಂತರದ ಟಿಕೆಟ್ ಬೇಡ. ಅಮೆರಿಕದಲ್ಲಿ ಮೊದಲು ಕಾಲಿಟ್ಟ ಊರಲ್ಲೇ ಇಮಿಗ್ರೇಷನ್ ಮುಗಿಸಬೇಕು. ಸಾಮಾನ್ಯವಾಗಿ ಸೂಟ್‌ಕೇಸ್ ಎತ್ತಿಕೊಂಡು ಮತ್ತೆ ಒಪ್ಪಿಸಬೇಕು. ಚಟ್ನಿಪುಡಿ, ಸಾರಿನಪುಡಿ ತುಂಬಿದವರಿಗೆ ಕಸ್ಟಮ್ಸ್‌ನವರ ಪ್ರಶ್ನೆಗಳೂ ಇರಬಹುದು.

6. ಜಯನಗರದಿಂದ ಹೊರಡುವವರು ಹೆಬ್ಬಾಳದ ಟ್ರಾಫಿಕ್ಕಿಗೆಂದೇ ಬೇರೆ ಗಂಟೆ ಇಡಿ. ನನ್ನ ಲೆಕ್ಕದಲ್ಲಿ ಇಡೀ ಪ್ರಯಾಣದಲ್ಲಿ ಅಂದಾಜಿಗೆ ಸಿಗದ ತುಂಡು ಅದೊಂದೇ.

7. ಬಿಪಿ, ಸಕ್ಕರೆ ಮಾತ್ರೆ ಎಷ್ಟು ಗಂಟೆಗೊಮ್ಮೆ ಎಂದು ಡಾಕ್ಟರನ್ನು ಕೇಳಿ ಬರೆದುಕೊಳ್ಳಿ. ಕೈಗಡಿಯಾರ ಊರಿನ ಸಮಯದಲ್ಲೇ ಇರಲಿ. ಮೊಬೈಲ್ ತಾನಾಗಿ ಬದಲಾಗುತ್ತದೆ. ಇಳಿದ ಕೂಡಲೇ ಊರಿಗೆ ಫೋನ್ ಮಾಡುವ ಮುನ್ನ ಆ ಕೈಗಡಿಯಾರ ನೋಡಿ, ಅಲ್ಲಿ ಯಾರಾದರೂ ಎದ್ದಿದ್ದಾರೋ ಇಲ್ಲವೋ ಎಂದು.