ಫೇಯೋಲ್ ತತ್ವಗಳು ನಮ್ಮ ಮನೆಯಲ್ಲಿ

ದ್ವಿತೀಯ ಪಿಯುಸಿ ವಾಣಿಜ್ಯ ವಿದ್ಯಾರ್ಥಿಗಳೆಲ್ಲರೂ ವ್ಯವಹಾರ ಅಧ್ಯಯನದಲ್ಲಿ ಹೆನ್ರಿ ಫೇಯೋಲ್ ಅವರ ನಿರ್ವಹಣೆಯ ತತ್ವಗಳನ್ನು ಓದುತ್ತೇವೆ. ಫೇಯೋಲ್ (1841–1925) ಫ್ರಾನ್ಸಿನ ಗಣಿ ಎಂಜಿನಿಯರ್. ಗಣಿ ಕಂಪನಿಯೊಂದನ್ನು ಬಹಳ ವರ್ಷ ನಡೆಸಿದ ಅನುಭವದಿಂದ 14 ತತ್ವಗಳನ್ನು 1916ರಲ್ಲಿ ಪ್ರಕಟಿಸಿದರು. ನಾವು ಇವಕ್ಕೆ ಕಾರ್ಖಾನೆ, ಬ್ಯಾಂಕುಗಳ ಉದಾಹರಣೆ ಬರೆಯುತ್ತೇವೆ. ಆದರೆ ಮನೆಯೂ ಒಂದು ಸಂಸ್ಥೆಯೇ. ಅಲ್ಲಿಯೂ ಜನ, ಸಾಮಾನು, ಹಣ, ಸಮಯ ಎಲ್ಲವೂ ಇವೆ.

ನಮ್ಮದು ಎರಡು ಕೋಣೆಯ ಮನೆ, ಆರು ಜನ: ದಾದಿ, ಅಬ್ಬಾ, ಅಮ್ಮಿ, ನಾನು ಮತ್ತು ಇಬ್ಬರು ತಮ್ಮಂದಿರು. ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಆದ್ದರಿಂದ ಅದು ಮನೆಯೂ ಹೌದು, ಅಂಗಡಿಯೂ ಹೌದು, ನನ್ನ ಓದುವ ಕೋಣೆಯೂ ಹೌದು. ಕಳೆದ ಕೆಲವು ತಿಂಗಳಿಂದ ನಾವು ಪಾಲಿಸುತ್ತಿರುವ ಅಭ್ಯಾಸಗಳನ್ನು ತತ್ವಗಳ ಹೆಸರಿನಲ್ಲೇ ಹೇಳುತ್ತೇನೆ.

1. ಕ್ರಮಬದ್ಧತೆ: ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ವಸ್ತುವೂ ಅದರ ಜಾಗದಲ್ಲಿ. ಇದನ್ನು ಓದಿ ಹೇಳಿದಾಗ ದಾದಿ, "ಹರ್ ಚೀಜ್ ಅಪ್ನೀ ಜಗಾ ಪೋ, ಇದಕ್ಕೆ ಪುಸ್ತಕ ಬೇಕಾ?" ಎಂದರು. ಅಬ್ಬಾ ಅವರ ಗಾಡಿಯ ಕೀಲಿಗೆ ಬಾಗಿಲ ಪಕ್ಕ ಒಂದು ಮೊಳೆ. ತಮ್ಮಂದಿರ ಬ್ಯಾಗಿಗೆ ಅವರ ಕೈಗೆಟುಕುವ ಎತ್ತರದಲ್ಲಿ ಎರಡು ಮೊಳೆ. ಪಡಿತರ ಚೀಟಿ, ಆಧಾರ್, ಕರೆಂಟ್ ಬಿಲ್, ಫೀಸ್ ರಸೀದಿಗಳಿಗೆ ಒಂದೇ ತಗಡಿನ ಡಬ್ಬಿ. ಇದಕ್ಕೆ ಖರ್ಚಾಗಿದ್ದು ಮೂರು ಮೊಳೆ ಮಾತ್ರ. ಬೆಳಿಗ್ಗೆ "ನನ್ನ ಬ್ಯಾಗ್ ಎಲ್ಲಿ?" ಎಂಬ ಕೂಗಾಟ ನಿಂತಿದೆ.

2. ಕಾರ್ಯವಿಭಜನೆ ಮತ್ತು ನ್ಯಾಯಪರತೆ: ಈ ಎರಡನ್ನೂ ಒಟ್ಟಿಗೆ ಓದಬೇಕು. ನಮ್ಮ ಹಲವು ಮನೆಗಳಲ್ಲಿ ಕೆಲಸ ಹಂಚಿಕೆಯಾಗಿರುತ್ತದೆ, ಆದರೆ ಹೆಂಗಸರ ನಡುವೆ ಮಾತ್ರ. ನಾನು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಮನೆಯ ಎಲ್ಲ ಕೆಲಸಗಳನ್ನೂ ಬರೆದು, ಯಾರು ಮಾಡುತ್ತಾರೆಂದು ಪಕ್ಕದಲ್ಲಿ ತುಂಬಿಸಿದೆ. ಹತ್ತೊಂಬತ್ತು ಕೆಲಸಗಳಲ್ಲಿ ಹದಿನಾರು ಅಮ್ಮಿ ಮತ್ತು ನನ್ನ ಹೆಸರಿಗಿದ್ದವು. ಅಬ್ಬಾ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ, ಅಂದು ರಾತ್ರಿ ತಮ್ಮ ತಟ್ಟೆಯನ್ನು ತಾವೇ ತೊಳೆದರು. ಈಗ ದೊಡ್ಡ ತಮ್ಮ ನಲ್ಲಿ ನೀರು ಹಿಡಿಯುತ್ತಾನೆ, ಚಿಕ್ಕವನು ಹಾಸಿಗೆ ಮಡಚಿ ದಸ್ತರ್‌ಖ್ವಾನ್ ಎತ್ತುತ್ತಾನೆ. ದಾದಿ ಕೂತಲ್ಲೇ ಸೊಪ್ಪು ಬಿಡಿಸುತ್ತಾರೆ. ನನಗೆ ಲೆಕ್ಕಶಾಸ್ತ್ರಕ್ಕೆ ದಿನಕ್ಕೆ ಒಂದು ಗಂಟೆ ಸಿಕ್ಕಿದೆ. ಅಮ್ಮಿಗೆ ಮಧ್ಯಾಹ್ನ ಬೆನ್ನು ನೆಟ್ಟಗೆ ಮಾಡಿ ಮಲಗಲು ಅರ್ಧ ಗಂಟೆ ಸಿಕ್ಕಿದೆ.

3. ಆದೇಶದ ಏಕತೆ: ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ. ದಾದಿ "ಹಾಲು ತಾ" ಎಂದಾಗಲೇ ಅಮ್ಮಿ "ಓದಲು ಕೂತ್ಕೋ" ಎಂದರೆ ಚಿಕ್ಕವನು ಎರಡನ್ನೂ ಬಿಟ್ಟು ಆಡಲು ಓಡುತ್ತಾನೆ! ಸಂಜೆಯ ಕೆಲಸಗಳನ್ನು ಈಗ ಅಮ್ಮಿ ಮಾತ್ರ ಹೇಳುತ್ತಾರೆ. ಉಳಿದವರು ಏನಾದರೂ ಬೇಕಿದ್ದರೆ ಅವರಿಗೆ ಹೇಳುತ್ತಾರೆ.

4. ಶಿಸ್ತು: ಎಲ್ಲರೂ ಒಪ್ಪಿದ ನಿಯಮವನ್ನು ಎಲ್ಲರೂ ಪಾಲಿಸುವುದು. ಮಗ್ರಿಬ್ ನಮಾಜ್ ಆದ ಮೇಲೆ ಇಶಾವರೆಗೆ ಟಿವಿ ಇಲ್ಲ, ಮೊಬೈಲ್ ಸದ್ದು ಇಲ್ಲ. ಈ ನಿಯಮ ದೊಡ್ಡವರಿಗೂ ಇರುವುದರಿಂದಲೇ ಚಿಕ್ಕವರೂ ಒಪ್ಪಿದರು.

ಲೆಕ್ಕಶಾಸ್ತ್ರದಿಂದಲೂ ಎರಡು ಪಾಠ ಕಲಿಯಬಹುದು. ಮೊದಲನೆಯದು, ವ್ಯವಹಾರವನ್ನು ಅಂದಂದೇ ದಾಖಲಿಸುವುದು. ತಿಂಗಳ ಕೊನೆಯಲ್ಲಿ ಒಟ್ಟಿಗೆ ಬರೆದರೆ ತಾಳೆಪಟ್ಟಿ ತಾಳೆಯಾಗುವುದು ಕಷ್ಟ. ಮನೆಯೂ ಹಾಗೆಯೇ. ಮಲಗುವ ಮುಂಚೆ ಎಲ್ಲರೂ ಹತ್ತು ನಿಮಿಷ ಕೈಜೋಡಿಸಿದರೆ, ಭಾನುವಾರ ಇಡೀ ದಿನ ಗುಡಿಸಿ ಒರೆಸುತ್ತಾ ಕೂರಬೇಕಿಲ್ಲ. ಎರಡನೆಯದು, ಮೊದಲು ಬಂದ ಸರಕು ಮೊದಲು ಹೊರಗೆ ಎಂಬ ದಾಸ್ತಾನು ಪದ್ಧತಿ. ಹೊಸ ಬೇಳೆಯನ್ನು ಹಳೆಯದರ ಮೇಲೆ ಸುರಿದರೆ ಅಡಿಯದಕ್ಕೆ ಹುಳ ಬೀಳುತ್ತದೆ. ಹಳೆಯದನ್ನು ತೆಗೆದು, ಡಬ್ಬಿ ಒರೆಸಿ, ಹೊಸದನ್ನು ಕೆಳಗೆ ಹಾಕಬೇಕು.

ನೀರಿನ ಡ್ರಮ್ಮಿಗಂತೂ ವಾರದ ಲೆಕ್ಕ ತಪ್ಪಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ಶುದ್ಧ ನೀರಿನಲ್ಲೂ ಬೆಳೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಮೊಟ್ಟೆಗಳು ಡ್ರಮ್ಮಿನ ಒಳಗೋಡೆಗೆ ಅಂಟಿರುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಖಾಲಿ ಮಾಡಿದರಷ್ಟೇ ಸಾಲದು, ತಿಕ್ಕಿ ತೊಳೆದು ಒಣಗಿಸಬೇಕು, ತುಂಬಿದ ಮೇಲೆ ಮುಚ್ಚಬೇಕು.

ಫೇಯೋಲ್ ಅವರ ಕೊನೆಯ ತತ್ವ ಸಂಘ ಭಾವನೆ. "ನಾನು" ಎನ್ನುವ ಕಡೆ "ನಾವು" ಎನ್ನುವುದು. "ಅಮ್ಮಿಗೆ ಸಹಾಯ ಮಾಡಿದೆ" ಎಂದು ತಮ್ಮ ಹೇಳಿದಾಗಲೆಲ್ಲ ನಾನು ತಿದ್ದುತ್ತೇನೆ: ಸಹಾಯ ಅಲ್ಲ, ಅದು ನಿನ್ನ ಪಾಲಿನ ಕೆಲಸ. ಮನೆ ಎಲ್ಲರದ್ದಾದರೆ ಪೊರಕೆಯೂ ಎಲ್ಲರದ್ದೇ.

ಗೆಳೆಯ ಗೆಳತಿಯರೇ, ಈ ವಾರ ನಿಮ್ಮ ಮನೆಯ ಕೆಲಸಗಳನ್ನೂ ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಹೆಸರುಗಳನ್ನು ತುಂಬಿಸಿ ನೋಡಿ. ಪರೀಕ್ಷೆಗೆ ಒಳ್ಳೆಯ ಉದಾಹರಣೆ ಸಿಗುತ್ತದೆ. ಯಾರ ಹೆಸರು ಹೆಚ್ಚು ಬಾರಿ ಬಂದಿದೆ ಎಂಬುದೂ ಗೊತ್ತಾಗುತ್ತದೆ.